ಯುವರಾಜನಿಗೆ ಸಿಡುಬು ಹಾಕಿಸಿದ್ದು

ಸ್ಯೋಹೋಮ್ ಅರಮನೆ,
ಮಾರ್ಚ್ ೧೧, ೧೭೬೯

ಪ್ರೀತಿಯ ಅಮ್ಮನಿಗೆ, ನಿನ್ನ ಮಗಳು ರೀಕೆಯ ನಮಸ್ಕಾರಗಳು.

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ವಾಲ್ಡೆಮಾರ್ ಎದ್ದು ಓಡಾಡುತ್ತಿರಬಹುದು. ಇಲ್ಲವಾದರೆ ಬೇರೆ ಸುದ್ದಿ ಇದಕ್ಕಿಂತ ಮೊದಲೇ ನಿನಗೆ ಮುಟ್ಟಿರುತ್ತದೆ. ಹೇಗೂ ಆಗಲಿ, ನಡೆದದ್ದು ನನ್ನಿಂದಲೇ ನಿನಗೆ ತಿಳಿಯಬೇಕು. ಅಮ್ಮಾ, ಮಗುವಿಗೆ ಸಿಡುಬು ಹಾಕಿಸಿದ್ದೇನೆ.

ಓದುತ್ತಾ ಎದೆ ಹಿಡಿದುಕೊಂಡು ಕೂತುಬಿಡಬೇಡ. ಬಂದರಿನ ಕೇರಿಯಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆಯೇ ರೋಗ ಶುರುವಾಗಿತ್ತು. ಹೋದ ತಿಂಗಳು ಅರಮನೆಯ ಕಾವಲುಗಾರರ ಮನೆಗಳಿಗೂ ಬಂತು. ನಮ್ಮ ಅಗಸಗಿತ್ತಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ವಾರದಲ್ಲಿ ಮಣ್ಣು ಮಾಡಿ ಬಂದು ಮತ್ತೆ ನಮ್ಮ ಬಟ್ಟೆ ಒಗೆದಳು. ಆ ಬಟ್ಟೆಯನ್ನು ವಾಲ್ಡೆಮಾರನಿಗೆ ತೊಡಿಸಿದ ಮೇಲೆ ನನಗೆ ವಿಷಯ ಗೊತ್ತಾಯಿತು. ಅವತ್ತೇ ವೈದ್ಯ ಬ್ರಾಕ್ ಅವರನ್ನು ಕರೆಸಿದೆ. ಲಂಡನ್ನಿನಲ್ಲಿ ಈ ಕೆಲಸ ಕಲಿತು ಬಂದವರು ಅವರು. ರೋಗ ಸೌಮ್ಯವಾಗಿ ಬಂದಿರುವವರ ಗುಳ್ಳೆಯಿಂದ ಒಂದು ಚೂರು ಕೀವು ತೆಗೆದು, ಆರೋಗ್ಯವಾಗಿರುವ ಮಗುವಿನ ತೋಳಿನಲ್ಲಿ ಗೀರಿ ಹಾಕುತ್ತಾರೆ. ರೋಗ ಬರುತ್ತದೆ, ಆದರೆ ಹಗುರವಾಗಿ ಬಂದು ಹೋಗುತ್ತದೆ. ಮತ್ತೆ ಯಾವತ್ತೂ ಬರುವುದಿಲ್ಲ.

ಎಲ್ಲರಿಗೂ ಹಗುರವಾಗಿಯೇ ಬರುತ್ತದೆಯೇ ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಇಲ್ಲ ಮಹಾರಾಣಿಯವರೇ, ಅಪರೂಪಕ್ಕೆ ಕೆಲವರು ಉಳಿಯೋದಿಲ್ಲ. ನಿಮ್ಮ ಮಗ ಅಂಥವನಲ್ಲ ಅಂತ ನಾನು ಮಾತು ಕೊಡೋಕಾಗಲ್ಲ" ಎಂದರು.

ದೊರೆಗಳು ದಕ್ಷಿಣದ ಕೋಟೆಗಳನ್ನು ನೋಡಲು ಹೋಗಿದ್ದಾರೆ. ಹೊರಡುವ ಮುನ್ನವೇ ಈ ವಿಷಯ ಮಾತಾಡಿದ್ದೆವು, ಅವರ ಒಪ್ಪಿಗೆ ಇದೆ. ಆ ಚಿಂತೆ ನಿನಗೆ ಬೇಡ. ಈಗ ಜಲಸಂಧಿಯ ತುಂಬ ಮಂಜುಗಡ್ಡೆ ಕಟ್ಟಿ ದೋಣಿಗಳು ನಿಂತಿವೆ, ಅವರು ಬರುವುದು ತಡ.

ಒಪ್ಪದವರು ಅತ್ತೆ. ಹೆಡ್ವಿಗ್ ಮಹಾರಾಣಿಯವರ ನಾಲಿಗೆ ಎಂಥದೆಂದು ನಿನಗೆ ಗೊತ್ತೇ ಇದೆ. ಊಟದ ಮೇಜಿನಲ್ಲಿ ಎಲ್ಲರೆದುರಿಗೇ, "ನಿಮ್ಮ ಕಡೆ ಕುದುರೆಗೂ ಮನುಷ್ಯರಿಗೂ ಒಬ್ಬನೇ ವೈದ್ಯನಂತೆ, ಹೌದೇನಮ್ಮಾ?" ಎಂದರು. ಆಮೇಲೆ ಪಡಸಾಲೆಯಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು. "ಈ ದೇಶಕ್ಕೆ ಇರೋನು ಒಬ್ಬನೇ ಯುವರಾಜ. ಅವನ ಮೈಗೆ ನೀನೇ ರೋಗ ತುಂಬ್ತೀಯಾ? ಅವನಿಗೇನಾದ್ರೂ ಆದ್ರೆ ದೇವರ ಇಚ್ಛೆ ಅಂತ ಯಾರೂ ಅನ್ನಲ್ಲ. ಪರದೇಶದವಳು ಕೊಂದಳು ಅಂತಾರೆ. ನಾನೂ ಅಂತೀನಿ."

ಅವರು ಹೇಳಿದ್ದು ಸುಳ್ಳಲ್ಲ. ಏಳು ವರ್ಷ ಇವರ ಜೊತೆ ಬಾಳಿ, ಇವರ ಭಾಷೆಯಲ್ಲಿ ಪ್ರಾರ್ಥನೆ ಕಲಿತು, ಇವರ ಸಿಂಹಾಸನಕ್ಕೆ ಮಗನನ್ನು ಹೆತ್ತು ಕೊಟ್ಟಿದ್ದೇನೆ. ಆದರೂ ಪೇಟೆಯಲ್ಲಿ ನಾನು ಇವತ್ತಿಗೂ "ಆ ಜರ್ಮನ್ ಹೆಂಗಸು".

ಮರುದಿನ ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ವೈದ್ಯರು ಗೀರುವಾಗ ಅವನು ಅಳಲಿಲ್ಲ. "ಇಷ್ಟೇನಾ?" ಎಂದು ಕೇಳಿದ. ಏಳೆಂಟು ದಿನ ಏನೂ ಆಗಲಿಲ್ಲ, ಆಡಿಕೊಂಡೇ ಇದ್ದ. ಆಮೇಲೆ ಜ್ವರ ಬಂತು. ನಿನ್ನೆಯಿಂದ ಮೈ ಮುಟ್ಟಿದರೆ ಕೈ ಸುಡುತ್ತದೆ. ಇನ್ನೂ ಗುಳ್ಳೆ ಎದ್ದಿಲ್ಲ. ಗುಳ್ಳೆ ಎದ್ದರೆ ಜ್ವರ ಇಳಿಯುತ್ತದೆ ಎನ್ನುತ್ತಾರೆ ಬ್ರಾಕ್. ಹಾಗೆ ಹೇಳುತ್ತಲೇ ಪದೇಪದೇ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಅವರು ಹಾಗೆ ನಿಲ್ಲುವುದು ನನಗೆ ಇಷ್ಟವಾಗುತ್ತಿಲ್ಲ.

ತಮ್ಮ ಲುಡ್ವಿಗ್ ಸಿಡುಬಿನಿಂದ ಸತ್ತಾಗ ಅವನ ಮುಖ ನೋಡಲು ನೀನು ನನ್ನನ್ನು ಬಿಡಲಿಲ್ಲ. ಬಾಗಿಲ ಸಂದಿಯಿಂದ ನಾನು ನೋಡಿದ್ದೆ ಅಮ್ಮಾ. ಇವತ್ತು ವಾಲ್ಡೆಮಾರನ ಮುಖ ಒರೆಸುವಾಗಲೆಲ್ಲ ಅದೇ ಮುಖ ಕಣ್ಣ ಮುಂದೆ ಬರುತ್ತಿದೆ.

ಮಧ್ಯಾಹ್ನ ಅತ್ತೆ ಬಂದರು. ಬೈಯಲು ಬಂದರೆಂದು ಎದ್ದು ನಿಂತೆ. ಅವರು ಕೈಗವಸು ತೆಗೆದು, ಒದ್ದೆ ಬಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಹೀಗೆ ಹಿಂಡಿದ್ರೆ ಹಾಸಿಗೆಯೆಲ್ಲ ನೆನೆಯುತ್ತೆ" ಎಂದು ಮಗುವಿನ ಪಕ್ಕ ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಇದೇ ಕೋಣೆ, ಇದೇ ರೋಗ. ನನ್ನ ಸೋಫಿ, ಆಕ್ಸೆಲ್, ಆಮೇಲೆ ಕೈಗೂಸು. ಒಂದೇ ಚಳಿಗಾಲದಲ್ಲಿ ಮೂರೂ ಹೋದವು. ಕ್ನುತ್ ಹಳ್ಳಿಯಲ್ಲಿ ದಾದಿ ಮನೆಯಲ್ಲಿದ್ದ, ಅದಕ್ಕೆ ಉಳಿದ, ದೊರೆಯಾದ. ನಾನು ಆಗ ಪ್ರಾರ್ಥನೆ ಒಂದು ಬಿಟ್ಟು ಬೇರೇನೂ ಮಾಡ್ಲಿಲ್ಲ."

ನೀರಿನ ಬೋಗುಣಿ ಹತ್ತಿರಕ್ಕೆ ಸರಿಸಿಕೊಟ್ಟೆ. ಈಗಲೂ ಅವರು ಅಲ್ಲೇ ಕೂತಿದ್ದಾರೆ. ಇದನ್ನು ನಾನು ಕಿಟಕಿಯ ಬಳಿ ಕೂತು ಬರೆಯುತ್ತಿದ್ದೇನೆ. ಮಗು ನರಳುತ್ತಿದೆ, ಹೋಗುತ್ತೇನೆ. ಅವನಿಗಾಗಿ ಪ್ರಾರ್ಥಿಸು. ನನ್ನ ಮೇಲೆ ಸಿಟ್ಟಾಗಬೇಡ.

ನಿನ್ನ ರೀಕೆ,
ಫ್ರೀಡೆರಿಕೆ

ಮರೆತ ಮಾತು, ಮಾರ್ಚ್ ೧೬: ಅಮ್ಮಾ, ಮಂಜುಗಡ್ಡೆಯಿಂದಾಗಿ ಅಂಚೆಯ ದೋಣಿ ಹೊರಡಲಿಲ್ಲ. ಕಾಗದ ಮೇಜಿನ ಮೇಲೇ ಉಳಿದಿತ್ತು. ಒಳ್ಳೆಯದೇ ಆಯಿತು. ವಾಲ್ಡೆಮಾರ್ ಉಳಿದ. ಗುಳ್ಳೆಗಳು ಎದ್ದವು, ಹೆಚ್ಚಿಲ್ಲ, ಜ್ವರ ಇಳಿಯಿತು. ಇವತ್ತು ಬಿಯರಿನಲ್ಲಿ ಬೇಯಿಸಿದ ರೊಟ್ಟಿಯ ಗಂಜಿ ಬೇಕೆಂದು ಹಟ ಮಾಡಿದ.

"ಮರೆತ ಮಾತು" ಎಂದು ಬರೆದೆ, ಮರೆತದ್ದೇನೂ ಅಲ್ಲ. ದೊರೆಗಳ ಒಪ್ಪಿಗೆ ಇತ್ತೆಂದು ಮೇಲೆ ಬರೆದಿದ್ದೇನಲ್ಲ, ಇರಲಿಲ್ಲ. ಅವರು ಹೇಳಿದ್ದು "ನಾನು ಬರೋವರೆಗೂ ಅವನನ್ನ ಯಾರೂ ಮುಟ್ಟಕೂಡದು" ಎಂದು. ನೀನು ಹೆದರಬಾರದೆಂದು ಸುಳ್ಳು ಬರೆದೆ. ಇವತ್ತು ಅವರು ಮಂಜುಗಡ್ಡೆಯ ಮೇಲೆ ಜಾರುಬಂಡಿಯಲ್ಲಿ ದಾಟಿ ಬಂದರು. ಯಾರೋ ದಡದಲ್ಲೇ ಹೇಳಿಬಿಟ್ಟಿದ್ದರು. ಬೂಟು ಕೂಡ ಕಳಚದೆ ಕೋಣೆಗೆ ನುಗ್ಗಿ, "ಯಾರನ್ನ ಕೇಳಿ ಮಾಡಿದೆ?" ಎಂದು ನನ್ನ ಮುಂದೆ ನಿಂತರು.

ಅತ್ತೆ ಮಗುವಿಗೆ ಗಂಜಿ ತಿನ್ನಿಸುತ್ತಿದ್ದವರು ತಲೆ ಎತ್ತಲಿಲ್ಲ. "ನನ್ನನ್ನ ಕೇಳಿ ಮಾಡಿದಳು. ಮಾಡು ಅಂದೆ. ಕೂಗಾಡೋದಿದ್ರೆ ಆಚೆ ಹೋಗಿ ಕೂಗಾಡು ಕ್ನುತ್, ಮಗು ಉಣ್ತಾ ಇದೆ" ಎಂದರು.