‘ಉಬ್ಬರ’ದ ಕೊನೆಯಲ್ಲಿ ಉಳಿದ ಮಾತು

ಏರುನೀರಿನ ನೂರಾ ಹದಿನಾಲ್ಕನೇ ವರ್ಷ, ಹದಿಮೂರನೇ ತಿಂಗಳು, ಎಂಟನೇ ದಿನ
ಕೂಗುಮನೆ, ಕಾರವಾರದ ಎದುರಿನ ಬಂಡೆ

‘ತುಕ್ಕು’ ಬ್ಯಾಂಡಿನ ಗಾಯಕಿ ಸಾನಿಕಾ ಹರಿಕಂತ್ರ ಅವರಿಗೂ, ಧ್ವನಿಮುದ್ರಣ ನೋಡಿಕೊಳ್ಳುವ ಆಲ್ವಿನ್ ಅವರಿಗೂ ಹೊನ್ನಮ್ಮ ಅಂಬಿಗ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ಸಮುದ್ರ ಊರೊಳಗೆ ಬಂದ ವರ್ಷದಿಂದ ನಾವು ಎಣಿಸುತ್ತೇವೆ. ತಿಂಗಳನ್ನು ಚಂದ್ರನ ಮೇಲೆ ಹಿಡಿಯುವುದರಿಂದ ಕೆಲವು ವರ್ಷ ಹದಿಮೂರು ಬರುತ್ತವೆ. ನನ್ನ ಮಾತು ಒರಟಾಗಿ ಕಂಡರೆ ಕ್ಷಮಿಸಬೇಕು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಶಾಲೆ ನೀರಿಗೆ ಹೋಯಿತು. ಆಮೇಲೆ ಓದಿದ್ದೆಲ್ಲ ನಿಮ್ಮ ಆಲ್ಬಮ್ಮಿನ ಹೊದಿಕೆಯ ಮೇಲಿನ ಅಕ್ಷರಗಳನ್ನೇ. ಅದರಲ್ಲಿ ‘ಉಬ್ಬರ, ಮೊದಲ ಆಲ್ಬಂ, ಬೈತಖೋಲದ ಮುಚ್ಚಿದ ಐಸ್ ಫ್ಯಾಕ್ಟರಿಯಲ್ಲಿ ಮುದ್ರಿಸಿದ್ದು’ ಎಂದಿದೆ. ‘ಮೆಟಲ್‌ಕೋರ್’ ಎಂದೂ ಇದೆ. ಅದು ನಿಮ್ಮ ಕುಲವೋ ಕಸುಬೋ ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ನನ್ನ ಕೆಲಸ ಹೇಳುತ್ತೇನೆ. ಹಳೆಯ ದೀಪಸ್ತಂಭವೇ ಈಗ ಕೂಗುಮನೆ. ನೀರು ಏಳುವ ಲಕ್ಷಣ ಕಂಡ ಕೂಡಲೇ ನಾನು ನಿಮ್ಮ ಕರಿತಟ್ಟೆಯನ್ನು ತಿರುಗಣೆಯ ಮೇಲಿಟ್ಟು, ಎರಡನೇ ಹಾಡಿನ ಮೊದಲ ಗೆರೆಗೆ ಸೂಜಿ ಇಳಿಸುತ್ತೇನೆ. ಸಾನಿಕಾ ಅವರ ಕೂಗು ತಂತಿಯ ಮೂಲಕ ದಡದ ಧ್ವನಿವರ್ಧಕದ ಕೊಂಬುಗಳಿಗೆಲ್ಲ ಹೋಗುತ್ತದೆ. ಅದು ಕೇಳಿದರೆ ನಮ್ಮವರು ಒಲೆಯ ಮೇಲಿನ ಗಂಜಿಯನ್ನೂ ಇಳಿಸದೆ ಗುಡ್ಡ ಹತ್ತುತ್ತಾರೆ. ಬೇರೆ ಯಾವ ದನಿಗೂ ಹತ್ತುವುದಿಲ್ಲ. ಯಾಕೆಂದರೆ ತಂತಿಯಲ್ಲಿ ಕಟ್ಟುದನಿ ಇದೆ. ಒಂದು ಕಾಲದಲ್ಲಿ ಊರಿಗೆ ಸುದ್ದಿ ಹೇಳಲು ಯಂತ್ರದಲ್ಲಿ ಕಟ್ಟಿದ ದನಿಯಂತೆ ಅದು. ಕಟ್ಟಿದವರು ಹೋದರು, ಅದು ಹೋಗಲಿಲ್ಲ. ಕೇಳಿಸಿಕೊಂಡವರ ದನಿಯನ್ನೆಲ್ಲ ಕಲಿತು ತನ್ನಷ್ಟಕ್ಕೆ ಮಾತಾಡುತ್ತದೆ. ಸತ್ತವರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ನಿಮ್ಮ ಕೂಗನ್ನು ಮಾತ್ರ ಅದಕ್ಕೆ ಕಲಿಯಲಾಗಿಲ್ಲ. ಎಷ್ಟು ಸಲ ಮಾಡಿದರೂ ನುಣುಪಾಗಿಬಿಡುತ್ತದೆ, ಗಂಟಲು ಹರಿಯುವುದಿಲ್ಲ. ನಿಮ್ಮ ಹಾಡಿನಲ್ಲೂ ಯಂತ್ರದ ನಾದ ತುಂಬಾ ಇದೆ, ಕೆಳಗೆ ಗುಂಯ್ ಎನ್ನುತ್ತ ಸುತ್ತುತ್ತದೆ, ಸಣ್ಣವಳಿದ್ದಾಗ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಆದರೆ ಗಿಟಾರು, ಡ್ರಮ್ಮು, ಕೂಗು ಮೂರೂ ಸೇರಿ ಅದರ ಹೆಗಲ ಮೇಲೆ ಹತ್ತಿ ಕೂತಿವೆ. ಅದಕ್ಕೇ ನಂಬುತ್ತೇವೆ.

ಹತ್ತಿಸುವುದಕ್ಕೆ ನೀವಿದ್ದೀರಿ. ಇಳಿಸುವುದಕ್ಕೆ ನಮ್ಮಲ್ಲಿ ಏನೂ ಇಲ್ಲ. ನನ್ನ ಸಂಕಟ ಇದೇ.

ಹೋದ ವರ್ಷ ನೀರು ಒಂದೇ ರಾತ್ರಿಗೆ ಇಳಿಯಿತು. ಬೆಳಿಗ್ಗೆ ನಾನು ತಂತಿಯಲ್ಲಿ ಹೇಳಿದೆ, ಇಳಿಯಿರಿ, ಮಳೆಯಲ್ಲಿ ಕೂರಬೇಡಿ ಎಂದು. ಗುಡ್ಡದಲ್ಲಿ ನನ್ನ ತಂಗಿ ಶೇವಂತಿ ನಾಲ್ಕು ತಿಂಗಳ ಕೂಸು ಹಿಡಿದು ಕೂತಿದ್ದಳು. ಅವಳು ಅಲ್ಲಿನ ತಂತಿಯಲ್ಲಿ ಕೇಳಿದಳು, “ಅಕ್ಕಾ, ಇದು ನೀನೇ ಹೌದಾ?” ಹೌದು ತಂಗಿ, ನಾನೇ ಎಂದೆ. ಅವಳು ಅಂದಳು, “ಅದೂ ಹೀಗೇ ಹೇಳ್ತದೆ.”

ನಾನೇ ಹೋಗಿ ಮುಖ ತೋರಿಸೋಣವೆಂದರೆ ನಡುವೆ ಕೊಲ್ಲಿ, ಅಲೆ ತಗ್ಗದೆ ದೋಣಿ ಇಳಿಸುವ ಹಾಗಿಲ್ಲ. ಆಗ ನನಗೆ ತಟ್ಟೆಯ ಕೊನೆ ನೆನಪಾಯಿತು. ಕೊನೆಯ ಹಾಡು ಮುಗಿದು, ಯಂತ್ರದ ನಾದ ಸತ್ತು, ಏದುಸಿರು ಕೇಳುತ್ತದೆ. ಆಮೇಲೆ ಆ ಒಡೆದ ಗಂಟಲಲ್ಲೇ ಸಾನಿಕಾ ಕೇಳುತ್ತಾರೆ, “ಆಯ್ತಾ?” ಅಷ್ಟೇ. ಅಲ್ಲಿಗೆ ಕಡಿದಿದೆ. ನಾನು ಅದನ್ನೇ ಹಾಕಿದೆ, ಒಂದಲ್ಲ, ಇಪ್ಪತ್ತು ಸಲ. ಗುಡ್ಡದ ಹಿರಿಯ ಮಂಕಾಳಜ್ಜ ಎಲ್ಲರಿಗೂ ಹೇಳಿದನಂತೆ, ಅವಳೇ ಕೇಳುತ್ತಿದ್ದಾಳೆ, ಯಾರೂ ಉತ್ತರ ಕೊಟ್ಟಿಲ್ಲ, ಕೂತಿರಿ ಎಂದು. ಮೂರನೇ ದಿನ ಅಲೆ ತಗ್ಗಿ ನಾನು ಹೋದಾಗ ಶೇವಂತಿ ತಣ್ಣಗಾಗಿದ್ದ ಕೂಸನ್ನು ಇನ್ನೂ ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಬೆಚ್ಚಗಾಗಲಿ ಅಂತ ಅಂದಳು.

ಈಗ ಅವಳು ಮತ್ತೆ ಎಂಟು ತಿಂಗಳ ಬಸುರಿ. ನೀರೇಳುವ ಹುಣ್ಣಿಮೆಗೆ ಬಾಣಂತಿಯಾಗಿರುತ್ತಾಳೆ. ನನಗೆ ಅನ್ನ ಸೇರುತ್ತಿಲ್ಲ.

ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ ಮುಟ್ಟುತ್ತದೆಯೇ ಎಂದು ಕೇಳಬೇಡಿ. ನನಗಿಂತ ಮೊದಲು ಈ ಮನೆ ನೋಡಿಕೊಂಡ ದೊಡ್ಡಮ್ಮ, ತಟ್ಟೆಯ ಕೊನೆಗೆ ಒಂದು ಮಾತು ಹೇಳಿ ಎಂದು ನಿಮಗೆ ಕಾಗದ ಬರೆದು ಕೊಳೆಗಡಲಿಗೆ ಬಿಡುತ್ತಿದ್ದಳು. ಮುಳುಗಿದ ಊರಿನ ಮೇಲಿನ ನೀರಿಗೆ ನಾವು ಹಾಗೆನ್ನುತ್ತೇವೆ. ತಾನು ಹುಡುಗಿಯಾಗಿದ್ದಾಗ ತಟ್ಟೆಯ ಕೊನೆಗೆ ಆ ‘ಆಯ್ತಾ’ ಇರಲೇ ಇಲ್ಲ, ಬರೀ ಕರಕರ ಇತ್ತು ಎಂದು ಸಾಯುವವರೆಗೂ ಹೇಳಿದಳು. ಅರಳುಮರಳು ಎಂದು ನಾವೆಲ್ಲ ನಕ್ಕೆವು. ಈಗ ನಗು ಬರುವುದಿಲ್ಲ.

ಆದ್ದರಿಂದ ಕೇಳುತ್ತೇನೆ. ಆಲ್ವಿನ್ ಅವರೇ, ಕೊನೆಯ ಹಾಡು ಮುಗಿದಾಗ ನಿಲ್ಲಿಸುವ ಗುಂಡಿ ಒತ್ತಬೇಡಿ. ಬಾಲ ಉದ್ದವಾಯಿತೆಂದು ಆಮೇಲೆ ಕತ್ತರಿಸಲೂ ಬೇಡಿ. ಸಾನಿಕಾ ಅವರೇ, ನಿಮಗೆ ಬಾಯಾರಿರುತ್ತದೆ, ಗೊತ್ತು. ಆದರೂ ನೀರು ಕುಡಿಯುವ ಮೊದಲು, ಆ ಹರಿದ ಗಂಟಲಲ್ಲೇ, ಐಸ್ ಫ್ಯಾಕ್ಟರಿಯ ಗೋಡೆ ನೋಡಿಕೊಂಡು ‘ಆಯ್ತು, ಇಳೀರಿ’ ಎಂದುಬಿಡಿ. ಯಾರಿಗೆ ಹೇಳುತ್ತಿದ್ದೀರಿ ಎಂದು ಉಳಿದವರು ನಗಬಹುದು. ನಗಲಿ, ಅದೂ ತಟ್ಟೆಯಲ್ಲಿ ಬರಲಿ. ನಗುವುದನ್ನೂ ಕಟ್ಟುದನಿ ಕಲಿತಿಲ್ಲ.

ನಾಳೆ ಇಳಿನೀರಿಗೆ ಕಾಗದ ಬಿಟ್ಟು ಬಂದು ತಟ್ಟೆ ಹಚ್ಚುತ್ತೇನೆ. ನೀವು ‘ಆಯ್ತಾ’ ಎಂದು ಕೇಳಿದ ಮೇಲೂ ಸೂಜಿ ಎತ್ತದೆ ಕೂತಿರುತ್ತೇನೆ.