ಸಂವತ್ಸರವಿಲ್ಲದ ಪಂಚಾಂಗ

ನಿಮಿಷ ಒಂಬತ್ತು, ಗಂಟೆ ಹದಿನಾರು. ತಾರೀಕು, ತಿಂಗಳು, ವಾರ ಯಾವುದಾದರೂ ಸರಿ. ವರ್ಷ ಬರೆಯಲು ಜಾಗವಿಲ್ಲ.

ಕ್ರಾನ್ ಕಡತ ಬರೆದ ಹಿರಿಯರಿಗೆ, ಕಪ್ಪತಗುಡ್ಡದ ಅಡಿಯ ನೆಲದೂರಿನಿಂದ ನಿಂಬೆವ್ವನ ಶರಣು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಕಡತಗಳಿಂದ. ನೀವು ತೀರಿಹೋಗಿ ಇನ್ನೂರೈವತ್ತು ವರ್ಷವಾದರೂ ಆಗಿರಬೇಕು.

ಮೇಲಿನ ಬಿಸಿಲು ತಾಳಲಾರದೆ ನಾವು ಮೂರು ಸಾವಿರ ಜನ ಗುಡ್ಡದ ಹೊಟ್ಟೆಯಲ್ಲಿ ಬದುಕಿದ್ದೇವೆ. ಕೆಳಗೆ ಗಾಳಿ ತರುವ ಯಂತ್ರ ಒಂದೇ. ಅದನ್ನು ಆಳುವುದು ನಿಮ್ಮ ಕಾಲದ ಗಣಕ, ಅದರೊಳಗಿನ ಲಿನಕ್ಸ್ ವ್ಯವಸ್ಥೆ. ಯಾವ ಕೆಲಸ ಯಾವ ಹೊತ್ತಿಗೆ ತಾನಾಗಿ ನಡೆಯಬೇಕೆಂದು ಹೇಳುವ ಕ್ರಾನ್ ಕಡತವನ್ನು ನಾವು ಪಂಚಾಂಗ ಎನ್ನುತ್ತೇವೆ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ, ಐದೇ ಅಂಗ. ಅದರಲ್ಲೊಂದು ಸಾಲು ದಿನಾ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗಾಳಿಯಂತ್ರವನ್ನು ನಿಲ್ಲಿಸುತ್ತದೆ, ನಲವತ್ತು ನಿಮಿಷ. ಆ ಹೊತ್ತಿಗೆ ಬಿಗಿಹೊತ್ತು ಎಂದು ಹೆಸರು. ಆಗ ಒಲೆ ಆರಿಸುತ್ತೇವೆ, ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ, ಶಾಲೆಯಲ್ಲಿ ಮಕ್ಕಳನ್ನು ಮಲಗಿಸುತ್ತಾರೆ. ಜಗಳವಾಡುವ ಗಂಡ-ಹೆಂಡತಿ ಕೂಡ ಉಳಿದದ್ದನ್ನು ಐದು ಗಂಟೆಗೆ ಇಟ್ಟುಕೊಂಡು ಸುಮ್ಮನಾಗುತ್ತಾರೆ. ದೊಡ್ಡವರಿಗೆ ತಲೆ ಭಾರವಾಗುತ್ತದೆ, ಅಷ್ಟೆ. ನನ್ನ ತಂಗಿಯ ನಾಲ್ಕು ತಿಂಗಳ ಕೂಸು ಗಂಗವ್ವನ ತುಟಿ ಮಾತ್ರ ದಿನವೂ ನೀಲಿಗಟ್ಟುತ್ತದೆ. ನಿನ್ನೆ ಯಂತ್ರ ಮತ್ತೆ ಶುರುವಾದ ಮೇಲೂ ಬಹಳ ಹೊತ್ತು ಅವಳು ಅಳಲಿಲ್ಲ.

ಆ ಸಾಲು ಯಾಕಿದೆ ಎಂದು ಬಲ್ಲವರು ಯಾರೂ ಇಲ್ಲ. ಕಡತ ಕಾಯುವವಳು ನಾನೇ. ಅಳಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಯಂತ್ರಕ್ಕೆ ಆ ವಿಶ್ರಾಂತಿ ಬೇಕೇಬೇಕಾಗಿದ್ದು, ಅದಿಲ್ಲದೆ ಸುಟ್ಟುಹೋದರೆ? ಮೂರು ಸಾವಿರ ಜನ. ಊರ ಹಿರಿಯರಾದ ಚೆನ್ನವೀರಪ್ಪಜ್ಜ, "ಹಿರ್ಯಾರು ಸುಮ್ಸುಮ್ನ ಬರದಿರೂದಿಲ್ಲವ್ವಾ, ಮುಟ್ಟಬ್ಯಾಡ" ಎನ್ನುತ್ತಾರೆ. ಅಪ್ಪ ಹಾಕಿದ ಆಲದ ಮರಕ್ಕೆ ನೇಣು ಹಾಕಿಕೊಳ್ಳುವುದೆಂದರೆ ಇದೇ ಎಂದು ಅಜ್ಜನ ಮೇಲೆ ರೇಗಿದೆ. ಆದರೂ ಅಳಿಸಲೆಂದು ತೆರೆದ ಕಡತವನ್ನು ನಾನೂ ಹಾಗೆಯೇ ಮುಚ್ಚಿಡುತ್ತೇನೆ.

ಆ ಸಾಲು ಓಡಿಸುವ ಕಾರ್ಯಕ್ರಮಕ್ಕೆ ನೀವಿಟ್ಟ ಹೆಸರು 'ತಾತ್ಕಾಲಿಕ'. ಏನು ತಾತ್ಕಾಲಿಕ, ಹಿರಿಯರೇ? ನಿಲ್ಲಿಸುವುದೋ, ಯಂತ್ರವೋ, ನಾವೋ? ಒಂದು ಬೇಸಿಗೆಗೆಂದು ಬರೆದು ಮರೆತಿರಾ? ನಿಜವಾದ ಪಂಚಾಂಗದ ರಟ್ಟಿನ ಮೇಲಾದರೂ ಸಂವತ್ಸರದ ಹೆಸರಿರುತ್ತದೆ. ನಿಮ್ಮದರಲ್ಲಿ ವರ್ಷಕ್ಕೆ ಅಂಗವೇ ಇಲ್ಲ. ತನ್ನ ಕಾಲ ಮುಗಿಯಿತೆಂದು ಆ ಸಾಲಿಗೆ ಗೊತ್ತಾಗುವುದು ಹೇಗೆ? # ಗುರುತು ಹಾಕಿ ಒಂದು ಟಿಪ್ಪಣಿ ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಆ ಗುರುತಿನ ನಂತರದ್ದನ್ನು ಗಣಕ ಲೆಕ್ಕಿಸುವುದಿಲ್ಲ. ಮನುಷ್ಯರು ಓದುತ್ತಾರೆ.

ವರ್ಷವಿಲ್ಲದ್ದರಿಂದಲೇ ನನಗೊಂದು ಆಸೆ. ಈ ಪತ್ರವನ್ನೂ ಅದೇ ಪಂಚಾಂಗಕ್ಕೆ ಹಾಕಿದ್ದೇನೆ. ಹದಿನೇಳು ದಿನಗಳಿಂದ ಬಿಗಿಹೊತ್ತಿಗೆ ಒಂದು ನಿಮಿಷ ಮೊದಲು ಹೊರಡುತ್ತಿದೆ. ಯಾವ ವರ್ಷವೆಂದು ಅದು ಕೇಳುವುದಿಲ್ಲವಲ್ಲ, ನಿಮ್ಮ ವರ್ಷಕ್ಕೂ ಬಂದೀತು. ಬಂದರೆ ಆ ಸಾಲಿನ ಮೇಲೆ ಯಾಕೆ, ಎಲ್ಲಿಯವರೆಗೆ ಎಂದು ಎರಡು ಮಾತು ಬರೆದುಬಿಡಿ. ದಿನಾ ನಾಲ್ಕಕ್ಕೆ ಕಡತ ತೆರೆದು ನೋಡುತ್ತೇನೆ.

ಇವತ್ತೂ ಇಲ್ಲ. ನಾಲ್ಕು ಗಂಟೆ ಎಂಟು ನಿಮಿಷವಾಯಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು.