ಬತ್ತಿದ ಕೊಳದ ಬಸವನಹುಳುಗಳು

೯ ಏಪ್ರಿಲ್, ಭಾನುವಾರ

ಪ್ರೀತಿಯ ಗೆಳತಿ,

ಹೇಗಿದ್ದೀಯ? ಮಂಡಿನೋವು ಸ್ವಲ್ಪ ಇಳಿದಿದೆಯೇ? ನಿನ್ನ ಎರಡು ಪತ್ರಗಳು ಬಂದು ಮೇಜಿನ ಮೇಲೆ ಕೂತಿವೆ. ಕೆಲಸ ಹೆಚ್ಚಿತ್ತು ಎಂದು ನೆಪ ಹೇಳುವುದಿಲ್ಲ, ಬರೆಯಲು ಕೈಯೇ ಬರಲಿಲ್ಲ. ಬೈದುಕೊಂಡಾದರೂ ಪೂರ್ತಿ ಓದು.

ಕಾಲೇಜು ಹಾಗೇ ಇದೆ. ಪ್ರಯೋಗಾಲಯದ ನಲ್ಲಿ ಇನ್ನೂ ಸೋರುತ್ತದೆ, ಅಟೆಂಡರ್ ಇನ್ನೂ ನಾಳೆ ಪಕ್ಕಾ ಅನ್ನುತ್ತಾನೆ. ಜೂನ್‌ಗೆ ನನ್ನ ನಿವೃತ್ತಿ.

ನನ್ನ ವಿದ್ಯಾರ್ಥಿನಿ ಗುಬ್ಬಚ್ಚಿಯ ಬಗ್ಗೆ ನೀನು ಕೇಳಿದ್ದೆ. ಅವಳು ಓದು ಬಿಟ್ಟಳು. ಹೇಗೆಂದು ನಿನಗೆ ಹೇಳಲೇಬೇಕು.

ಕೊನೆಯ ವರ್ಷದ ಸಂಶೋಧನೆಗೆ ಅವಳು ಆರಿಸಿಕೊಂಡದ್ದು ನಮ್ಮ ಕೆಲಸವನ್ನೇ: ಕಾಲೇಜಿನ ಹಿಂದಿನ ಕೊಳದ ಬಸವನಹುಳುಗಳನ್ನು ಮೂವತ್ತು ವರ್ಷಗಳ ನಂತರ ಮತ್ತೆ ಅಳೆಯುವುದು. ನೀರು ಬಿಸಿಯಾದಷ್ಟೂ ಅವು ಚಿಕ್ಕವಾಗುತ್ತವೆ ಎಂದು ನಾವಿಬ್ಬರೂ ಬರೆದ ಪ್ರಬಂಧ ಅವಳಿಗೆ ಬಾಯಿಪಾಠ. ಪ್ಯಾಂಟು ಮಡಚಿ ಕೆಸರಲ್ಲಿ ನಿಂತು, ಒಂದೊಂದೇ ಚಿಪ್ಪು ಅಳೆದು, ಎತ್ತಿದ ಜಾಗಕ್ಕೇ ಬಿಡುತ್ತಿದ್ದಳು. ಬೇರೆ ಕಡೆ ಬಿಟ್ಟರೆ ಪಾಪ, ನೆರೆಹೊರೆಯವರನ್ನು ಹುಡುಕುವುದಕ್ಕೇ ಅವಕ್ಕೆ ವಾರ ಹಿಡಿಯುತ್ತದೆ ಎಂದು ನಗಿಸುತ್ತಿದ್ದಳು.

ಅವಳ ಇನ್ನೊಂದು ವಿಷಯ ಇತಿಹಾಸ. ಅದಕ್ಕಾಗಿ ಹಳೆಯ ಕಾಲೇಜು ಪತ್ರಿಕೆಗಳನ್ನು ತಿರುವುವಾಗ ನಾವು ಹುಳು ಅಳೆದ ವರ್ಷದ ಒಂದು ಫೋಟೊ ಸಿಕ್ಕಿತು. ಸುತ್ತುಗೋಡೆ ಕಟ್ಟಲು ಕೊಳವನ್ನು ಪೂರ್ತಿ ಖಾಲಿ ಮಾಡಿದ್ದಾರೆ. ಒಣಗಿದ ತಳದಲ್ಲಿ ಮೇಸ್ತ್ರಿಗಳು ನಿಂತಿದ್ದಾರೆ. ಆ ವರ್ಷದ ಮೇ, ಜೂನ್ ಎರಡೂ ತಿಂಗಳು ನೀರಿರಲಿಲ್ಲ ಎಂದು ಕೆಳಗೆ ಬರೆದಿದೆ. ನಮ್ಮ ನೋಟ್‌ಬುಕ್ಕಿನಲ್ಲಿ ಅದೇ ಎರಡು ತಿಂಗಳಿಗೆ ನೂರ ನಲವತ್ತು ಹುಳುಗಳ ಅಳತೆ ಇದೆ.

ಎರಡನ್ನೂ ತಂದು ನನ್ನ ಮುಂದಿಟ್ಟಳು. "ನಾನೇ ಏನೋ ತಪ್ಪು ಓದ್ತಿದೀನಿ ಅನ್ಸುತ್ತೆ ಮೇಡಂ. ನೀವೇ ಹೇಳಿ."

ಪತ್ರಿಕೆಯವರು ವರ್ಷ ತಪ್ಪಾಗಿ ಹಾಕಿರಬಹುದು, ಬಿಟ್ಟುಬಿಡು ಅಂದೆ. ಮೂರು ದಿನ ಬಿಟ್ಟು ಬಂದು, ಗೋಡೆಯ ಮೇಲೇ ತಾರೀಖು ಕೆತ್ತಿದೆ ಎಂದಳು. ಪದವಿ ಬೇಕೋ ಪತ್ತೇದಾರಿಕೆ ಬೇಕೋ ಯೋಚಿಸು ಎಂದು ಗದರಿದೆ. ತಲೆ ತಗ್ಗಿಸಿಕೊಂಡೇ ಹೇಳಿದಳು: "ಆ ಎರಡು ತಿಂಗಳು ತೆಗೆದ್ರೆ ಹುಳುಗಳು ಚಿಕ್ಕದೇ ಆಗಿಲ್ಲ ಮೇಡಂ."

ಅವಳು ಎಲ್ಲವನ್ನೂ ತನ್ನ ಪ್ರಬಂಧದಲ್ಲಿ ಬರೆದಳು. ಮಾರ್ಗದರ್ಶಕಿಯ ಅಭಿಪ್ರಾಯದಲ್ಲಿ ನಾನು, ಇವಳ ಅಳತೆಗಳನ್ನು ನಂಬಲಾಗದು ಎಂದು ಬರೆದೆ. ಅಷ್ಟು ಚೊಕ್ಕ ಅಳತೆಯನ್ನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ, ಗೊತ್ತಾ. ಸಮಿತಿ ಪ್ರಬಂಧವನ್ನು ತಿರಸ್ಕರಿಸಿತು. ಮುಂದಿನ ಓದಿಗೆ ಸಿಕ್ಕಿದ್ದ ಸೀಟೂ ಕೈತಪ್ಪಿತು.

ಅವಳ ಅಪ್ಪ ಬಂದಿದ್ದರು, ಟೈಲರ್. ಕೂರಲಿಲ್ಲ, ಬಾಗಿಲ ಬಳಿಯೇ ನಿಂತು ಕೇಳಿದರು: "ಮಗಳು ಅಳತೆ ತಪ್ಪಿದ್ಲಾ ಮೇಡಂ? ಮನೇಲಿ ಟೇಪು ಸಡಿಲ ಹಿಡಿದ್ರೆ ನನಗೇ ಬೈತಾಳೆ."

ಹೌದು, ತಪ್ಪಿದ್ದಾಳೆ ಅಂದೆ. ಅವರು ತಲೆಯಾಡಿಸಿ ಹೊರಟುಹೋದರು.

ಈಗ ಗುಬ್ಬಚ್ಚಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಒಂದು ದಿನ ಮನಸ್ಸು ತಡೆಯದೆ ಹೋದೆ. ಏನು ಬೇಕಿತ್ತು ಎಂದು ಎಲ್ಲ ಗಿರಾಕಿಗಳನ್ನು ಕೇಳುವಂತೆಯೇ ಕೇಳಿದಳು. ಹತ್ತಿ ತೆಗೆದುಕೊಂಡು ಬಂದುಬಿಟ್ಟೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮೊಮ್ಮಗಳು ಚೆನ್ನಾಗಿ ಓದಲಿ, ಅವಳಿಗೆ ಒಳ್ಳೆಯ ಮೇಷ್ಟ್ರುಗಳು ಸಿಗಲಿ.

ನಿನ್ನ,
ಉದ್ದಜಡೆ (ಈಗ ಜಡೆಯಿಲ್ಲ)

ಮತ್ತೆ: ಇದು ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು. ಗುಬ್ಬಚ್ಚಿಯ ಪ್ರಬಂಧ ನೋಡಿ, ಆ ಎರಡು ತಿಂಗಳ ಅಳತೆ ಯಾರದೆಂದು ಪ್ರಿನ್ಸಿಪಾಲರು ಕೇಳಿದರು. ನಾನು ನಿನ್ನ ಹೆಸರು ಹೇಳಿದೆ. ಆ ಬೇಸಿಗೆ ಪೂರ್ತಿ ನೀನು ಸಾಯುತ್ತಿದ್ದ ಅಮ್ಮನ ಹಾಸಿಗೆ ಪಕ್ಕ ಇದ್ದೆ. ವಾಪಸು ಬಂದ ನೀನು, ನೋಟ್‌ಬುಕ್ ತೆರೆದೂ ನೋಡದೆ, "ನೀನಿದ್ದೆಯಲ್ಲ, ಸಾಕು" ಎಂದು ನನ್ನನ್ನು ನಂಬಿ ನಮ್ಮ ಪ್ರಬಂಧಕ್ಕೆ ಸಹಿ ಹಾಕಿದೆ. ಅಂಕಿಗಳನ್ನು ನಾನು ಮನೆಯಲ್ಲಿ ಕೂತು ಬರೆದಿದ್ದೆ. ವಿವರಣೆ ಕೇಳಿ ಕಾಲೇಜಿನಿಂದ ಈ ವಾರ ನಿನಗೆ ಕಾಗದ ಬರುತ್ತದೆ. ಅವರಿಗೆ ಈ ಪತ್ರ ತೋರಿಸು ಎನ್ನುವ ಧೈರ್ಯ ನನಗಿಲ್ಲ. ನೀನು ತೋರಿಸುವವಳಲ್ಲ ಎಂಬುದೂ ನನಗೆ ಗೊತ್ತು.